ಬೇರೆ ತಾಟು

ಮೊನ್ನೆ ವಾಡಿ ಸ್ಟೇಷನ್ನಿನಲ್ಲಿ ಗಾಡಿಗಾಗಿ ಕಾಯುತ್ತ ಕುಳಿತಿದ್ದೆ. ಎದುರಿನ ಬಾಕಿನ ಮೇಲೆ ಮೂವತ್ತರ ಆಸುಪಾಸಿನ ಒಬ್ಬರು ತೊಡೆಯ ಮೇಲೆ ಕಾಗದದ ಕಟ್ಟು ಇಟ್ಟುಕೊಂಡು ಕೆಮ್ಮುತ್ತಿದ್ದರು. ಕೆಮ್ಮು ನಿಂತ ಮೇಲೆ ಕರವಸ್ತ್ರವನ್ನು ಬಾಯಿಂದ ತೆಗೆದು, ಅದರೊಳಗೆ ಒಮ್ಮೆ ಕಣ್ಣು ಹಾಯಿಸಿ, ಒಳಮಗ್ಗುಲಾಗಿ ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಳಿಸಿದರು. ನಾನು ನೋಡುತ್ತಿದ್ದೇನೆಂದು ಗೊತ್ತಾದ ಕೂಡಲೇ ಮುಖ ತಿರುಗಿಸಿಕೊಂಡರು. ಆ ಮಡಿಕೆ ನನಗೆ ಗೊತ್ತು. ಎದ್ದು ಹೋಗಿ ಮಾತಾಡಿಸಬೇಕು ಅಂದುಕೊಳ್ಳುವಷ್ಟರಲ್ಲಿ ಅವರ ಗಾಡಿ ಬಂತು, ಅವರು ಹತ್ತಿ ಹೋಗಿಬಿಟ್ಟರು. ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಬೆಂಚು ಬಿಟ್ಟೇಳಲು ತಡಮಾಡಿದ ನನ್ನ ಮೇಲೆ ನನಗೇ ಸಿಟ್ಟು ಬಂದು ಇದನ್ನು ಬರೆಯಲು ಕುಳಿತಿದ್ದೇನೆ.

ಬಹಳ ವರ್ಷದ ಹಿಂದಿನ ಮಾತು. ಆಗ ನಾನು ಚಿತ್ತಾಪುರದ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಯಾವ ಕಚೇರಿ ಎಂದು ಹೇಳುವುದಿಲ್ಲ, ಅಲ್ಲಿದ್ದ ಕೆಲವರು ಇನ್ನೂ ಬದುಕಿದ್ದಾರೆ. ಹೈದರಾಬಾದಿನ ಪೊಲೀಸ್ ಕಾರ್ಯಾಚರಣೆ ಮುಗಿದು ಎರಡು ಮೂರು ವರ್ಷವಾಗಿತ್ತು. ನನ್ನ ಮನೆಮಾತು ಕನ್ನಡವಾದರೂ ಸಾಲೆಯಲ್ಲಿ ಕಲಿತದ್ದು, ಕಚೇರಿಯಲ್ಲಿ ಬರೆದದ್ದು ಎಲ್ಲ ಉರ್ದು. ನಾನು ಬರೆದ ಹಾಳೆ ನೋಡಿದರೆ ಪೇಶಕಾರರು, ಅಂದರೆ ನಮ್ಮ ಮೇಲಿನ ಹಿರಿಯ ಗುಮಾಸ್ತರು, ತಲೆದೂಗುತ್ತಿದ್ದರು. ಸರಕಾರ ಬದಲಾದ ಮೇಲೆ ಮೇಲಿನಿಂದ ಬರುವ ಹುಕುಂ ಇಂಗ್ಲಿಷಿನಲ್ಲಿ, ಊರುಗಳಿಂದ ಬರುವ ಅರ್ಜಿ ಕನ್ನಡದಲ್ಲಿ, ಬಟ್ಟೆಯ ಬಸ್ತಾಗಳಲ್ಲಿ ಕಟ್ಟಿಟ್ಟ ಹಳೆಯ ಕಾಗದವೆಲ್ಲ ಉರ್ದುವಿನಲ್ಲಿ. ಬೇಗ ಕನ್ನಡ ಬರೆಯಲು ಕಲಿಯದಿದ್ದರೆ ಮನೆಗೆ ಕಳಿಸುತ್ತಾರೆ ಎಂದು ಪೇಶಕಾರರು ದಿನಕ್ಕೊಮ್ಮೆ ನಮ್ಮನ್ನು ಹೆದರಿಸುತ್ತಿದ್ದರು. ಸ್ವತಃ ಅವರಿಗೂ ಕನ್ನಡ ಬರೆಯಲು ಬರುತ್ತಿರಲಿಲ್ಲ.

ನನಗೆ ಕನ್ನಡ ಓದಲು ತಡವರಿಸಿ ಬರುತ್ತಿತ್ತು, ಬರೆಯಲು ಕೈ ಓಡುತ್ತಿರಲಿಲ್ಲ. ತಮಾಷೆಯೆಂದರೆ ನನ್ನ ಹೆಂಡತಿ ಕಾಶಮ್ಮನಿಗೆ ಕನ್ನಡ ಓದು ಬರಹ ಎರಡೂ ಬರುತ್ತಿತ್ತು. ಸೇಡಂ ತಾಲೂಕಿನ ಆಡಕಿಯವಳು ಆಕೆ. ಅಲ್ಲಿಯ ಮಠದ ಅಯ್ಯನವರ ಸಾಲೆಯಲ್ಲಿ ನಾಲ್ಕು ವರ್ಷ ಕುಳಿತಿದ್ದಳು. ಉರ್ದುವಿನ ಒಂದು ಅಕ್ಷರವೂ ಆಕೆಗೆ ಗೊತ್ತಿರಲಿಲ್ಲ. ಹೀಗೆ ಒಂದೇ ಮನೆಯಲ್ಲಿ ಒಂದೇ ಭಾಷೆ ಮಾತಾಡುವ ಇಬ್ಬರಿಗೂ ಬರೆದು ತಿಳಿಸಲು ಒಂದು ಲಿಪಿ ಇರಲಿಲ್ಲ. ಎದುರಿಗೇ ಇರುವಾಗ ಅದರ ಗರಜು ಬೀಳಲಿಲ್ಲ, ಅಷ್ಟೆ.

ಬಸ್ತಾಗಳ ಧೂಳು ಮೂಗಿಗೆ ಹೋಗಿ ಕೆಮ್ಮು ಬಂದಿದೆ ಎಂದು ಚಳಿಗಾಲ, ಬೇಸಿಗೆ ಎರಡನ್ನೂ ಕಳೆದೆ. ಸಂಜೆಯಾದರೆ ಮೈ ಬಿಸಿ. ಅಂಗಿ ಸಡಿಲವಾಯಿತು. ಮಳೆ ಶುರುವಾದ ಮೊದಲ ವಾರದಲ್ಲಿ ಒಂದು ಮಧ್ಯಾಹ್ನ ಹಳೆಯ ದಫ್ತರವೊಂದನ್ನು ನಕಲು ಮಾಡುತ್ತಿದ್ದಾಗ ಕೆಮ್ಮು ಒತ್ತಿ ಬಂತು. ಕೈ ಅಡ್ಡ ತರುವುದರೊಳಗೆ ಹಾಳೆಯ ಮೇಲೆ ಕೆಂಪು ಹನಿಗಳು ಬಿದ್ದವು. ಪೇಶಕಾರರು ನನ್ನ ಹಿಂದೆಯೇ ನಿಂತಿದ್ದರು.

"ಏನ್ ಮಾಡಿದಿ ಅದು?"

"ಲಾಲ್ ಸ್ಯಾಹಿ ಸಿಡೀತು ಸಾಹೇಬ," ಕೆಂಪು ಮಸಿ ಎಂದೆ.

"ಕಾಗದ ನಿಮ್ಮಪ್ಪಂದ ಅದ ಏನು? ಸರಕಾರದ್ದು ಅದ. ಹೊಸ ಹಾಳಿ ತಗೋ, ಮೊದಲಿಂದ ಬರಿ."

ಮೊದಲಿನಿಂದ ಬರೆದೆ. ರಕ್ತ ಕಾರಿದ ದಿನ ಮನುಷ್ಯ ಏನು ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಇದು: ಹಾಳೆ ಬದಲಿಸಿ ಅದೇ ಸಾಲು ಮತ್ತೆ ಬರೆಯುತ್ತಾನೆ. ಅಕ್ಷರ ಚೆನ್ನಾಗಿಯೇ ಬಂದವು.

ಕಚೇರಿ ಕೆಲಸಕ್ಕೆ ಶಹಾಬಾದಿಗೆ ಹೋಗಿಬರುತ್ತೇನೆಂದು ಕಾಶಮ್ಮನಿಗೆ ಹೇಳಿ ಗುಲಬರ್ಗಾದ ದವಾಖಾನೆಗೆ ಹೋದೆ. ಅಲ್ಲಿಯ ಪಡಸಾಲೆಯಲ್ಲಿ ಬಹಳ ಜನ ಕುಳಿತಿದ್ದರು. ಬೇರೆ ರೋಗಕ್ಕೆ ಬಂದವರು ಒಬ್ಬರಿಗೊಬ್ಬರು ಒತ್ತಿಕೊಂಡು ಕುಳಿತು ತಮ್ಮ ಕಥೆ ಹೇಳಿಕೊಳ್ಳುತ್ತಿದ್ದರು. ಎದೆಯ ಫೋಟೋಕ್ಕೆ ಬಂದ ನಾವು ಐದಾರು ಜನ ಮಾತ್ರ ಗೋಡೆಗುಂಟ ದೂರದೂರ ಕುಳಿತಿದ್ದೆವು. ಯಾರೂ ಯಾರನ್ನೂ ಯಾವೂರು ಎಂದು ಕೇಳಲಿಲ್ಲ. ಮದುವೆ ಮನೆಯಾಗಲಿ ಕಚೇರಿಯಾಗಲಿ, ಅಷ್ಟು ಜನರ ನಡುವೆ ಅಷ್ಟು ಒಂಟಿಯಾಗಿ ನಾನು ಎಂದೂ ಕುಳಿತಿರಲಿಲ್ಲ.

ಡಾಕ್ಟರರು ಫೋಟೋವನ್ನು ಕಿಟಕಿಗೆ ಹಿಡಿದು, ಬಲಗಡೆಯ ಮೇಲ್ಭಾಗದಲ್ಲಿ ಬೆರಳಿಟ್ಟು ಕ್ಷಯ ಅಂದರು. ಹೈದರಾಬಾದಿನ ಕಡೆ ಗುಡ್ಡದ ಮೇಲೊಂದು ಕ್ಷಯದ ಆಸ್ಪತ್ರೆಯಿದೆ, ಹೊಸ ಸೂಜಿ ಬಂದಿದೆ, ಮಂಚ ಖಾಲಿಯಾದಾಗ ಕಾಗದ ಬರುತ್ತದೆ ಎಂದರು. ಆಮೇಲೆ ಕೇಳಿದರು:

"ಮನ್ಯಾಗ ಯಾರ್ಯಾರು ಇದ್ದೀರಿ?"

"ನಾನು, ನನ್ನ ಹೆಂಡತಿ, ಇಬ್ಬರೇ ರೀ."

"ನೀವು ಉಂಡ ತಾಟಿನಾಗ ಅವರು ಉಣ್ಣಬಾರದು. ಹಾಸಿಗಿ ಬ್ಯಾರೆ. ಅವರನ್ನೂ ಒಮ್ಮೆ ಕರಕೊಂಡು ಬರ್ರಿ, ಫೋಟೋ ತೆಗೀಬೇಕು."

ನಾನು ಹೂಂ ಅಂದೆ. ಆದರೆ ನನ್ನ ಎದೆಯ ವಿಷಯ ಅಲ್ಲಿಗೆ ಮರೆತೇಹೋಯಿತು. ನಮ್ಮ ಕಡೆ ಗಂಡ ಉಂಡೆದ್ದ ತಾಟಿನಲ್ಲಿಯೇ ಹೆಂಡತಿ ಬಡಿಸಿಕೊಂಡು ಉಣ್ಣುತ್ತಾಳೆ. ಮದುವೆಯಾಗಿ ಐದು ವರ್ಷ ಕಾಶಮ್ಮ ದಿನಕ್ಕೆರಡು ಹೊತ್ತು ಹಾಗೆ ಉಂಡವಳು. ಆಕೆಗೆ ಬೆಲ್ಲವೆಂದರೆ ಪ್ರಾಣ. ನಾನು ಉಂಡೇಳುವಾಗ ತಾಟಿನ ಅಂಚಿಗೆ ಒಂದು ಚೂರು ಬೆಲ್ಲ ಬಿಟ್ಟೇಳುತ್ತಿದ್ದೆ. ಬಿಡುತ್ತೇನೆಂದು ನಾನು ಹೇಳಿದ್ದಿಲ್ಲ, ಸಿಕ್ಕಿತೆಂದು ಆಕೆ ಹೇಳಿದ್ದಿಲ್ಲ. ನಮ್ಮಿಬ್ಬರ ನಡುವೆ ಪ್ರೀತಿ ಅಂತ ಇದ್ದದ್ದು ಆ ಬೆಲ್ಲದ ಚೂರಿನಲ್ಲಿಯೇ ಇತ್ತು. ಅದರ ಜತೆಗೆ ಇಷ್ಟು ದಿನ ಇನ್ನೇನನ್ನು ಬಿಟ್ಟೆದ್ದಿದ್ದೆನೋ ಎಂದು ನೆನೆಯುತ್ತ ಗಾಡಿಯಲ್ಲಿ ಬಂದೆ.

ಆ ಸಂಜೆಯೇ ಹೇಳಿಬಿಡಬೇಕಿತ್ತು. ಎಷ್ಟೋ ಸಲ ಕೂತು ಲೆಕ್ಕ ಹಾಕಿದ್ದೇನೆ, ಯಾಕೆ ಹೇಳಲಿಲ್ಲ ಎಂದು. ಹೇಳಿದರೆ ಆಕೆ ಅಳುತ್ತಾಳೆ, ಅತ್ತರೆ ಪಕ್ಕದ ಮನೆಗೆ ಕೇಳುತ್ತದೆ, ಕೇಳಿದರೆ ಮನೆಯ ಮಾಲಕರು ಖಾಲಿ ಮಾಡು ಅನ್ನುತ್ತಾರೆ, ಕಚೇರಿಗೆ ತಿಳಿಯುತ್ತದೆ, ಕನ್ನಡ ಬಾರದ ರೋಗಿಷ್ಠ ಗುಮಾಸ್ತನನ್ನು ಮೊದಲು ತೆಗೆಯುತ್ತಾರೆ. ಆಡಕಿಗೆ ತಿಳಿದರೆ ಆಕೆಯ ಅಣ್ಣ ಬಂದು ಕರೆದುಕೊಂಡು ಹೋದವನು ಮತ್ತೆ ಕಳಿಸುವುದಿಲ್ಲ. ಇವೆಲ್ಲ ಖರೆ ಕಾರಣಗಳೇ. ಎಲ್ಲಕ್ಕಿಂತ ಖರೆಯಾದದ್ದು ಒಂದೇ, ನನಗೆ ಹೆದರಿಕೆಯಾಗಿತ್ತು.

ಅಂದು ಉಂಡ ಮೇಲೆ ನಾನೇ ತಾಟೆತ್ತಿಕೊಂಡು ಬಚ್ಚಲಿಗೆ ಹೋಗಿ ಬೂದಿ ಹಚ್ಚಿ ತಿಕ್ಕತೊಡಗಿದೆ. ಕಾಶಮ್ಮ ಬಾಗಿಲಲ್ಲಿ ಬಂದು ನಿಂತಳು.

"ಯಾಕ್ರಿ, ನಾ ಸತ್ತೀನೇನು?"

"ಇನ್ನ ಮ್ಯಾಲ ನೀ ನಿನ್ನ ತಾಟಿನಾಗ ಉಣ್ಣು. ನನ್ನ ತಾಟ ಮುಟ್ಟಬ್ಯಾಡ."

"ನಾ ಏನ್ ತಪ್ಪ ಮಾಡೀನ್ರಿ?"

"ತಪ್ಪೂ ಇಲ್ಲ ಏನೂ ಇಲ್ಲ. ಉಣ್ಣು ಅಂದ್ರ ಉಣ್ಣು."

ಆಕೆ ಅಳಲಿಲ್ಲ. ಗೋಡೆಯ ಮಾಡದಲ್ಲಿದ್ದ ಒಂದು ಹಳೆಯ ತಾಟು ತೆಗೆದು, ತೊಳೆದು, ನನಗೆ ಬೆನ್ನು ಮಾಡಿ ಕುಳಿತು ಉಂಡಳು. ನಾನು ಪಡಸಾಲೆಯಲ್ಲಿ ಬೇರೆ ಹಾಸಿಗೆ ಹಾಸಿಕೊಂಡೆ. ಸೆಕೆ ಎಂದು ನೆವ ಹೇಳಿದೆ, ಹೊರಗೆ ಜಿಟಿಜಿಟಿ ಮಳೆ ಹಿಡಿದಿತ್ತು. ಮಕ್ಕಳಿಲ್ಲದ ಹೆಂಡತಿಗೆ ಗಂಡ ತಾಟು ಬೇರೆ ಮಾಡಿದರೆ ಅದರ ಅರ್ಥ ಏನೆಂದು ನಮ್ಮ ಕಡೆಯ ಹೆಂಗಸರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆಕೆ ಏನು ತಿಳಿದುಕೊಂಡಿದ್ದಾಳೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ತಿಳಿದುಕೊಳ್ಳಲಿ ಎಂದು ಬಿಟ್ಟೆ.

ನಾಗರಪಂಚಮಿ ಹತ್ತಿರ ಬಂತು. ಕಾಶಮ್ಮನ ಅಣ್ಣ ಸಿದ್ರಾಮ ವರ್ಷದ ರೂಢಿಯಂತೆ ತಂಗಿಯನ್ನು ತವರಿಗೆ ಕರೆದೊಯ್ಯಲು ಬಂದ. ಅಷ್ಟು ಸಂತೋಷದಿಂದ ನಾನು ಎಂದೂ ಆಕೆಯನ್ನು ಕಳಿಸಿರಲಿಲ್ಲ. ಅದು ಆಕೆಯ ಕಣ್ಣಿಗೂ ಬಿದ್ದಿರಬೇಕು. ಹೊರಡುವಾಗ ಗಂಟು ಕಂಕುಳಲ್ಲಿಟ್ಟುಕೊಂಡು ಕೇಳಿದಳು:

"ಕರಿಯಾಕ ಯಾವಾಗ ಬರ್ತೀರಿ?"

"ನೋಡೂಣು."

ಪಂಚಮಿಗೆ ಹೋದವಳನ್ನು ಗಂಡನ ಮನೆಯವರು ಹೋಗಿ ಕರೆತರಬೇಕು. ಕರೆಯದೆ ಆಕೆ ತಾನಾಗಿ ಬರುವಂತಿಲ್ಲ. ಆ ಪದ್ಧತಿಯನ್ನೇ ನಾನು ಅಡ್ಡ ಹಿಡಿದುಕೊಂಡೆ. ಆಕೆ ರೋಗದಿಂದ ದೂರವಿದ್ದಾಳೆ ಎಂದು ಮನಸ್ಸಿಗೆ ಹೇಳಿಕೊಂಡೆ. ಫೋಟೋ ತೆಗೆಸಬೇಕು ಎಂದು ಡಾಕ್ಟರರು ಹೇಳಿದ ಮಾತನ್ನು ಮನಸ್ಸಿಗೆ ನೆನಪಿಸಲಿಲ್ಲ.

ಆಸ್ಪತ್ರೆಯ ಕಾಗದಕ್ಕೆ ಕಾಯುತ್ತ ಕಚೇರಿಗೆ ಹೋಗುತ್ತಿದ್ದೆ. ಬಸ್ತಾ ಎತ್ತಿಡುವಾಗ ಉಸಿರು ಹತ್ತುತ್ತಿತ್ತು. ಪೇಶಕಾರರು, ಈಚೆಗೆ ನಿನ್ನ ಕೈ ಬಹಳ ನಿಧಾನವಾಗಿದೆ, ಮೈಗಳ್ಳತನ ಕಲಿತಿದ್ದೀ ಎಂದು ಎಲ್ಲರೆದುರು ಅಂದರು. ಎದುರು ಉತ್ತರ ಕೊಡುವ ಆಸೆ ಗಂಟಲ ತನಕ ಬರುತ್ತಿತ್ತು, ಅಲ್ಲಿ ಕೆಮ್ಮು ಮೊದಲೇ ಕುಳಿತಿರುತ್ತಿತ್ತು. ಮನೆಗೆ ಬಂದು ಒಣರೊಟ್ಟಿಗೆ ಖಾರದ ಹಿಂಡಿ ಹಚ್ಚಿ ತಿಂದು, ನನ್ನ ಒಂದು ತಾಟು, ಒಂದು ಲೋಟ ತೊಳೆದಿಟ್ಟು ಗೋಡೆ ನೋಡುತ್ತ ಮಲಗುತ್ತಿದ್ದೆ. ತಿಂಗಳಿಗೊಂದು ಕಾಗದ ಆಡಕಿಗೆ ಹಾಕುತ್ತಿದ್ದೆ, ಉರ್ದುವಿನಲ್ಲಿ. ಅದನ್ನು ಊರಿನ ಲೆಕ್ಕ ಬರೆಯುವ ಪಟವಾರಿಯೇ ಓದಿ ಹೇಳಬೇಕು. ಪಟವಾರಿಗೆ ತಿಳಿದದ್ದು ಊರಿಗೆ ತಿಳಿದಂತೆ. ಹಾಗಾಗಿ ಎಲ್ಲ ಕಾಗದದಲ್ಲೂ ಒಂದೇ ಕ್ಷೇಮದ ಮಾತು: ಇಲ್ಲಿ ಎಲ್ಲ ಖೈರಿಯತ್, ಅಲ್ಲಿಯ ಖೈರಿಯತ್ ಬಯಸುತ್ತೇನೆ.

ದಸರೆಯ ಮರುದಿನ ಸಿದ್ರಾಮ ಕಚೇರಿಗೇ ಬಂದ. ಹೊರಗೆ ಬೇವಿನ ಗಿಡದ ಕೆಳಗೆ ಕರೆದುಕೊಂಡು ಹೋದೆ.

"ಮಾಮಾ, ಪಂಚಮಿ ಹೋಯ್ತು, ದಸರಾ ಹೋಯ್ತು. ಊರಾಗ ಮಂದಿ ಬಾಯಿಗೆ ಬಂದಂಗ ಮಾತಾಡಾಕತ್ತಾರ. ಏನದ ಖರೆ ಹೇಳ್ರಿ."

"ಚಿಂಚೋಳಿಗಿ ತಬಾದಲಾ ಆಗೂದದ. ಅಲ್ಲಿ ಮನಿ ಮಾಡಿ ಕರಸ್ತೀನಿ," ಎಂದು ಇಲ್ಲದ ವರ್ಗಾವಣೆಯ ನೆವ ಹೇಳಿದೆ.

"ಇನ್ನೊಂದು ಮದಿವಿ ಮಾಡ್ಕೋಳಾಕತ್ತೀರೇನು? ಇದ್ರ ಇಲ್ಲೇ ಹೇಳಿಬಿಡ್ರಿ. ಆಕಿ ದಿನಾ ಊರ ಅಗಸಿ ಬಾಗಲ ತನಕ ಬಂದು ದಾರಿ ನೋಡೂದು ನನಗ ನೋಡಾಕಾಗವಲ್ದು."

ನಾನು ಇಲ್ಲ ಎಂದು ತಲೆಯಾಡಿಸಿದೆ. ಬಾಯಿ ತೆರೆದರೆ ಕೆಮ್ಮು ಬರುತ್ತಿತ್ತು. ಅವನು ನನ್ನ ಮುಖ ನೋಡಿ, "ಸೊರಗೀರಿ ಮಾಮಾ" ಅಂದ. ನಂತರ ಗಂಟು ಬಿಚ್ಚಿ, ಕಾಶಮ್ಮ ಕಳಿಸಿದ ಶೇಂಗಾ ಹೋಳಿಗೆ ಕೈಗಿಟ್ಟು ಹೊರಟುಹೋದ. ಅವನು ತಿರುವು ದಾಟುವ ತನಕ ನಿಂತಿದ್ದೆ. ಕರೆದು ಹೇಳಿಬಿಡಲು ಅಷ್ಟು ಹೊತ್ತು ಸಾಕಿತ್ತು.

ದೀಪಾವಳಿಯ ಮುಂದೆ ಆಸ್ಪತ್ರೆಯ ಕಾಗದ ಬಂತು. ದೀರ್ಘ ರಜೆಯ ಅರ್ಜಿಯಲ್ಲಿ ಕಾರಣ ಬರೆಯುವ ಒಂದು ಕಲಮು ಇರುತ್ತದೆ. ಅದನ್ನು ಖಾಲಿ ಬಿಟ್ಟು ಪೇಶಕಾರರ ಮುಂದಿಟ್ಟೆ. ಅವರು ಅರ್ಜಿ ನೋಡಿದರು, ನನ್ನನ್ನು ನೋಡಿದರು. ಬಾಗಿಲು ಮುಂದೆ ಮಾಡಿ ಬಾ ಅಂದರು.

"ಅವತ್ತು ಹಾಳಿ ಮ್ಯಾಲ ಬಿದ್ದಿದ್ದು ಸ್ಯಾಹಿ ಅಲ್ಲ. ನನಗ ಅವತ್ತೇ ಗೊತ್ತಾಯ್ತು. ನಮ್ಮ ಅಣ್ಣ ಇದ್ರಾಗೇ ಹೋದ."

ಗೊತ್ತಿದ್ದೂ ಇಷ್ಟು ದಿನ ಬೈದಿರಲ್ಲ ಸಾಹೇಬ ಎಂದೆ.

"ಬೈದಿಲ್ಲಂದ್ರ ಉಳಿದವರು ಯಾಕ ಬೈಯವಲ್ರು ಅಂತ ಕೇಳ್ತಿದ್ರು" ಎಂದು ಲೇಖನಿ ಎತ್ತಿಕೊಂಡು, ಆ ಖಾಲಿ ಕಲಮಿನಲ್ಲಿ 'ಖಾನಗಿ ಜರೂರತ್' ಎಂದು ತಾವೇ ಬರೆದರು. ಸ್ವಂತ ಅಗತ್ಯ, ಅಷ್ಟೆ. ನೌಕರಿ ಆ ಎರಡು ಶಬ್ದದ ಮೇಲೆ ಉಳಿಯಿತು. ಹೋಗುವಾಗ, "ಅಲ್ಲಿ ಖಾಲಿ ಬಿದ್ಕೋಬ್ಯಾಡ, ಕನ್ನಡ ಕಲಕೊಂಡು ಬಾ" ಅಂದರು. ಆ ಮನುಷ್ಯನ ಮೇಲೆ ನನಗಿದ್ದ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಚಿತ್ತಾಪುರದಿಂದ ಹೈದರಾಬಾದಿನ ಕಡೆ ಹೋಗುವ ಗಾಡಿ ಸೇಡಂ ಮೇಲೆಯೇ ಹೋಗಬೇಕು. ಬೆಳಗಿನ ಹೊತ್ತು ಸೇಡಂ ಸ್ಟೇಷನ್ನಿನಲ್ಲಿ ಗಾಡಿ ನಿಂತಿತು. ಹೊರಗೆ ಆಡಕಿ ಕಡೆಯ ಬಂಡಿಗಳು ನಿಂತಿದ್ದವು, ಪ್ರತಿ ಸಲ ನಾವಿಬ್ಬರೂ ಇಳಿದು ಹತ್ತುತ್ತಿದ್ದಂಥವೇ. ಇಳಿದರೆ ಮಧ್ಯಾಹ್ನದೊಳಗೆ ಆಕೆಯ ಮುಂದೆ ಇರುತ್ತಿದ್ದೆ. ಪರಿಚಯದವರು ಕಂಡಾರೆಂದು ರುಮಾಲನ್ನು ಮುಖದ ಮೇಲೆ ಎಳೆದುಕೊಂಡು ಕುಳಿತೆ. ಗಾಡಿ ಹೊರಟ ಮೇಲೂ ಬಹಳ ದೂರ ಅದನ್ನು ಸರಿಸಲಿಲ್ಲ. ಅಳುತ್ತಿದ್ದೆ.

ಆಸ್ಪತ್ರೆಯಲ್ಲಿ ಭರ್ತಿ ಮಾಡಿಕೊಳ್ಳುವಾಗ ಡಾಕ್ಟರರು ಮನೆಯವರ ಪರೀಕ್ಷೆಯಾಗಿದೆಯೇ ಎಂದು ಕೇಳಿದರು. ಆಗಿದೆ, ಏನೂ ಇಲ್ಲ ಎಂದು ಹೇಳಿದೆ. ನನ್ನ ಬದುಕಿನಲ್ಲಿ ಹೇಳಿದ ಸುಳ್ಳುಗಳಲ್ಲಿ ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ.

ಉದ್ದನೆಯ ವರಾಂಡ, ಸಾಲಾಗಿ ಮಂಚ, ಉಗುಳಲು ಮುಚ್ಚಳದ ಡಬ್ಬಿ ಒಬ್ಬೊಬ್ಬರಿಗೆ ಒಂದು. ದಿನವೂ ಸೂಜಿ, ಕಹಿ ಪುಡಿ, ಗಂಟೆ ಬಾರಿಸಿದರೆ ಮಲಗಬೇಕು, ಗಂಟೆ ಬಾರಿಸಿದರೆ ಏಳಬೇಕು. ಸೂಜಿಯಿಂದ ಕಿವಿಯಲ್ಲಿ ಜುಂಯ್ ಎನ್ನುವ ಸದ್ದು ಶುರುವಾಯಿತು, ಇಂದಿಗೂ ಪೂರಾ ಹೋಗಿಲ್ಲ. ಸಾಯುವ ಹೆದರಿಕೆ ಒಂದು ವಾರದಲ್ಲಿ ಮಾಮೂಲಾಯಿತು. ಯಾರೂ ನೋಡಲು ಬಾರದ ರವಿವಾರಗಳು ಮಾಮೂಲಾಗಲಿಲ್ಲ. ಬೇರೆಯವರ ಕಡೆಯ ಜನ ಬಂದಾಗ ನಾನು ಗೋಡೆಯ ಕಡೆ ಮುಖ ಮಾಡಿ ನಿದ್ದೆಯ ಸೋಗು ಹಾಕುತ್ತಿದ್ದೆ.

ಪಕ್ಕದ ಮಂಚದಲ್ಲಿ ಚಿಂಚೋಳಿಯ ಇಮಾಮಸಾಬ ಮಾಸ್ತರರಿದ್ದರು. ಅಲ್ಲಿಯ ಸಾಲೆಯಲ್ಲಿ ಕನ್ನಡ ಕಲಿಸುವವರು. ಲಿಂಗಧಾರಿಯಾದ ನನಗೆ ಕನ್ನಡ ಬರೆಯಲು ಬರುವುದಿಲ್ಲ, ಉರ್ದು ಬರುತ್ತದೆ ಎಂದು ತಿಳಿದಾಗ ಅವರು ಕೆಮ್ಮು ಬರುವಷ್ಟು ನಕ್ಕರು. ಆಸ್ಪತ್ರೆಯಲ್ಲಿ ಎಲ್ಲರಿಗೂ ಬೆಳಿಗ್ಗೆ ಹಾಲು, ಕೋಳಿತತ್ತಿ ಕೊಡುತ್ತಿದ್ದರು. ನಾನು ತತ್ತಿ ತಿನ್ನದೆ ನೋಡುತ್ತ ಕುಳಿತಿರುವುದನ್ನು ಕಂಡು ಅವರೇ ಒಂದು ದಾರಿ ಹುಡುಕಿದರು.

"ಗುಮಾಸ್ತರ, ನಿಮ್ಮ ತತ್ತಿ ಇತ್ತ ಕೊಡ್ರಿ, ನನ್ನ ಹಾಲ ನೀವು ಕುಡೀರಿ. ಇಬ್ಬರ ಧರಮಾನೂ ಉಳೀತದ, ಜೀವಾನೂ ಉಳೀತದ."

ಕನ್ನಡವನ್ನೂ ಅವರೇ ಕಲಿಸಿದರು. ಮಲಗಿಕೊಂಡೇ ಪಾಟಿಯ ಮೇಲೆ ತೀಡುತ್ತಿದ್ದೆ. ಬಲದಿಂದ ಎಡಕ್ಕೆ ಓಡಿ ರೂಢಿಯಾದ ಕೈ ಎಡದಿಂದ ಬಲಕ್ಕೆ ತಿರುಗಲು ಹಟ ಮಾಡುತ್ತಿತ್ತು. ಮಾಸ್ತರರು ಚಿಕ್ಕ ಮಕ್ಕಳಿಗೆ ಬೈಯುವಂತೆಯೇ ಬೈಯುತ್ತಿದ್ದರು. ಸಂಕ್ರಾಂತಿಯ ಹೊತ್ತಿಗೆ ಸಾಲು ಬರೆಯುವಷ್ಟಾದಾಗ, ಒಂದು ಮಧ್ಯಾಹ್ನ ಅವರ ಮುಂದೆ ಎಲ್ಲ ಹೇಳಿಬಿಟ್ಟೆ, ತಾಟಿನದು, ಪಂಚಮಿಯದು, ಫೋಟೋದ ಸುಳ್ಳು. ನೀವೇ ಒಂದು ಕಾಗದ ಬರೆದುಕೊಡಿ ಎಂದು ಕೇಳಿಕೊಂಡೆ. ನಗುವ ಮನುಷ್ಯ, ಅಂದು ನಗಲಿಲ್ಲ.

"ಆಕಿ ಎದಿಯಾಗ ಏನದ ಅಂತ ನಿಮಗ ಗೊತ್ತಿಲ್ಲ. ಆರು ತಿಂಗಳ ಸುಮ್ಮ ಕುಂತೀರಿ. ಆಕಿ ಕೆಮ್ಮಾಕತ್ತಿದ್ರ ಏನು ಮಾಡ್ತೀರಿ?"

ನಾನು ಕಾಗದವನ್ನು ಅವರ ಮಂಚದ ಕಡೆ ಸರಿಸಿದೆ.

"ನಾ ಬರಿಯಂಗಿಲ್ಲ. ಆಕಿ ಇನ್ನೊಬ್ಬರ ಕಡಿಂದ ಓದಿಸಬಾರದು, ನೀವೂ ಇನ್ನೊಬ್ಬರ ಕಡಿಂದ ಬರಸಬಾರದು. ತಗೋರಿ ಪಾಟಿ."

ಪಾಟಿಯ ಮೇಲೆ ಮೂರು ಸಲ ಬರೆದು ಅಳಿಸಿ, ನಾಲ್ಕನೆಯ ಸಲ ಕಾಗದದ ಮೇಲೆ ಬರೆದೆ. ಪುಸ್ತಕದ ಕನ್ನಡ ನನಗೆ ಗೊತ್ತಿರಲಿಲ್ಲ, ಬಾಯಿಗೆ ಬಂದದ್ದನ್ನೇ ಬರೆದೆ. "ಕಾಶಿ, ನನಗ ಕ್ಷಯ ಆಗ್ಯಾದ. ಅದಕ್ಕ ತಾಟ ಬ್ಯಾರೆ ಮಾಡಿದ್ದು. ನಿನ್ನ ಮ್ಯಾಲ ಸಿಟ್ಟಿಲ್ಲ, ಇನ್ನೊಬ್ಬಾಕಿ ಇಲ್ಲ. ಹೆದರಿ ಹೇಳಲಿಲ್ಲ. ನೀನೂ ಲಗೂನ ಎದಿ ಫೋಟೋ ತಗಸು. ನನ್ನ ಬಿಟ್ರೂ ಬಿಡು, ಫೋಟೋ ತಗಸೂದು ಬಿಡಬ್ಯಾಡ." ಇಷ್ಟು ಬರೆಯಲು ಎರಡು ದಿನ ಹಿಡಿಯಿತು. ಮೇಲ್ವಿಳಾಸದಲ್ಲಿ ಮೊದಲ ಬಾರಿಗೆ ಆಕೆಯ ಹೆಸರು ಬರೆದೆ. ಅಲ್ಲಿಯವರೆಗೆ ಎಲ್ಲ ಕಾಗದವೂ ಅಣ್ಣನ ಹೆಸರಿಗೆ ಹೋಗುತ್ತಿತ್ತು.

ಹನ್ನೆರಡು ದಿನ ಉತ್ತರವಿರಲಿಲ್ಲ. ಆ ದಿನಗಳನ್ನು ಬಣ್ಣಿಸಲು ನನಗೆ ಬರುವುದಿಲ್ಲ. ಕಾಯಿಲೆಯವನಾಗಿ ಕಾಯುವುದಕ್ಕೂ ಅಪರಾಧಿಯಾಗಿ ಕಾಯುವುದಕ್ಕೂ ಬಹಳ ಫರಕಿದೆ.

ಹದಿಮೂರನೆಯ ದಿನ ವರಾಂಡದ ತುದಿಯಲ್ಲಿ ಸಿದ್ರಾಮ ಕಂಡ. ಬಾಯಿಗೆ ಧೋತರದ ಸೆರಗು ಹಿಡಿದು ಮೆಟ್ಟಿಲ ಬಳಿಯೇ ನಿಂತ. ಅವನನ್ನು ದಾಟಿ ಕಾಶಮ್ಮ ಬಂದಳು. ಯಾರೂ ಕರೆಯಲು ಹೋಗಿರಲಿಲ್ಲ, ತಾನಾಗಿ ಬಂದಿದ್ದಳು. ಬಾಯಿಗೆ ಏನೂ ಹಿಡಿದಿರಲಿಲ್ಲ. ಬಹಳ ಸೊರಗಿದ್ದಳು.

"ಕೆಮ್ಮ ಅದ ಏನು?" ಎಂದೆ. ಚೆನ್ನಾಗಿದ್ದೀಯಾ ಎಂದೂ ಕೇಳಲಿಲ್ಲ.

"ಛಳಿಯಾಗ ಒಂದು ತಿಂಗಳ ಇತ್ರಿ. ಈಗ ಕಮ್ಮಿ ಅದ."

ಡಾಕ್ಟರರ ಮುಂದೆ ಹೋಗಿ ನನ್ನ ಸುಳ್ಳನ್ನು ಒಪ್ಪಿಕೊಂಡೆ. ಅವರು ಬೈದದ್ದು ವರಾಂಡಕ್ಕೆಲ್ಲ ಕೇಳಿತು. ಅಂದೇ ಫೋಟೋ ತೆಗೆದರು. ತೊಳೆದು ಒಣಗಿಸಿ ನೋಡುವುದು ಮಧ್ಯಾಹ್ನವಾಗುತ್ತದೆ ಎಂದರು. ಬಾಕಿನ ಆ ತುದಿಗೆ ಆಕೆ, ಈ ತುದಿಗೆ ನಾನು. ನಡುವೆ ಇಬ್ಬರು ಕೂಡುವಷ್ಟು ಜಾಗ ಬಿಟ್ಟು ಕುಳಿತೆವು. ಆಕೆ ನೆಲ ನೋಡುತ್ತ ಮಾತಾಡಿದಳು.

"ಪಟವಾರಿ ನಿಮ್ಮ ಕಾಗದ ಕಟ್ಟಿ ಮ್ಯಾಲ ಕುಂತು ಓದ್ತಿದ್ದ. ಖೈರಿಯತ್ ಅದ, ಖೈರಿಯತ್ ಅದ. ಎಲ್ಲಾ ಛಲೋ ಇದ್ದಾಂವ ಹೆಂಡ್ತಿಗಿ ಯಾಕ ಕರಿಯವಲ್ಲ ಅಂತ ಮಂದಿ ನನ್ನ ಮುಖ ನೋಡ್ತಿದ್ರು."

"ತಪ್ಪಾಯ್ತು."

"ತಾಟ ಕಸಗೊಂಡಾಗರೆ ಒಂದು ಮಾತ ಹೇಳಬೇಕಿತ್ತು. ನಾ ಏನ್ ಸಣ್ಣ ಕೂಸೇನ್ರಿ?"

ಮಧ್ಯಾಹ್ನ ಡಾಕ್ಟರರು ಹೊರಗೆ ಬಂದು, ಏನೂ ಇಲ್ಲ, ಎದೆ ಸ್ವಚ್ಛವಾಗಿದೆ ಎಂದರು. ಸಿದ್ರಾಮ ಮೆಟ್ಟಿಲ ಮೇಲೆ ಕುಳಿತು ಕೈ ಮುಗಿದ. ನಾನು ಬಾಕಿನ ಹಲಗೆ ಹಿಡಿದುಕೊಂಡು ಅತ್ತೆ, ನಾಚಿಕೆಯಾಗಲಿಲ್ಲ. ಕಾಶಮ್ಮ ನನಗಷ್ಟೇ ಕೇಳುವಂತೆ ಅಂದಳು:

"ನನಗೂ ಆಗಿದ್ರ ಛಲೋ ಇತ್ತು. ಇಲ್ಲೇ ಒಂದು ಮಂಚ ಕೊಡ್ತಿದ್ರು."

ಆರೋಗ್ಯವಿದ್ದವರು ಅಲ್ಲಿರುವಂತಿಲ್ಲ. ಸಂಜೆಯ ಗಾಡಿಗೆ ಅಣ್ಣ ತಂಗಿ ಹೊರಟುಹೋದರು. ಆಕೆ ತಿರುಗಿ ನೋಡುತ್ತಾಳೆಂದು ಕಾದೆ, ನೋಡಲಿಲ್ಲ. ಮುಂದಿನ ತಿಂಗಳು ಇಮಾಮಸಾಬ ಮಾಸ್ತರರೂ ಗುಣವಾಗಿ ಮನೆಗೆ ಹೋದರು. ಪಾಟಿಯನ್ನು ನನಗೇ ಬಿಟ್ಟುಹೋದರು. ಅವರ ಮಂಚಕ್ಕೆ ಬಂದವನಿಗೆ ಯಾರ ಜತೆಗೂ ಮಾತು ಬೇಕಿರಲಿಲ್ಲ. ಇನ್ನೂ ಏಳು ತಿಂಗಳು ನಾನು ಅಲ್ಲಿದ್ದೆ. ತಿಂಗಳಿಗೊಮ್ಮೆ ಕಾಶಮ್ಮನ ಕಾಗದ ಬರುತ್ತಿತ್ತು. ತೊಗರಿ ರಾಶಿಯಾಯಿತು, ಎಮ್ಮೆ ಈಯಿತು, ಪುಡಿ ಬಿಡದೆ ತಗೋರಿ. ನಾನು ಬೆರಳಿಟ್ಟು ಓದುತ್ತಿದ್ದೆ. ತಾಟಿನ ವಿಷಯ ಯಾವ ಕಾಗದದಲ್ಲೂ ಬರಲಿಲ್ಲ.

ಗುಣವಾಗಿ ಬಂದವನು ಮೊದಲು ಆಡಕಿಗೆ ಹೋಗಿ, ಯಾರನ್ನೂ ಕಳಿಸದೆ, ನಾನೇ ಅಗಸಿಯಲ್ಲಿ ನಿಂತು ಆಕೆಯನ್ನು ಕರೆದುಕೊಂಡು ಬಂದೆ. ಕಚೇರಿಯಲ್ಲಿ ಈಗ ನನ್ನ ಕನ್ನಡ ನಡೆಯುತ್ತಿತ್ತು. ಪೇಶಕಾರರು ತಮ್ಮ ಕನ್ನಡದ ಕಾಗದಗಳನ್ನೂ ನನ್ನ ಮೇಜಿಗೇ ತಳ್ಳಿ, ಬೈಗುಳವನ್ನು ಮೊದಲಿನಂತೆಯೇ ಮುಂದುವರಿಸಿದರು. ಮನೆಯಲ್ಲಿ ಎರಡು ತಾಟು. ಒಂದು ವರ್ಷ ಹಾಗೇ ಇರಲಿ ಎಂದು ಡಾಕ್ಟರರೇ ಹೇಳಿದ್ದರು.

ವರ್ಷವಾದ ಮೇಲೆ ಮತ್ತೆ ಫೋಟೋ ತೆಗೆದು, ಕಫ ನೋಡಿ, ಇನ್ನು ಪಥ್ಯ ಯಾವುದೂ ಬೇಡ, ಮನೆಯಲ್ಲಿ ಎಲ್ಲರಂತೆ ಇರಬಹುದು ಎಂದರು. ಮನೆಗೆ ಬಂದವನೇ ಕಾಶಮ್ಮನಿಗೆ ಹೇಳಿದೆ. ಛಲೋ ಆಯ್ತು ಎಂದು ದೇವರಿಗೆ ಕಾಯಿ ಒಡೆದಳು. ಅಂದು ಉಂಡೇಳುವಾಗ ತಾಟಿನ ಅಂಚಿಗೆ ಬೆಲ್ಲ ಬಿಟ್ಟೆದ್ದೆ. ಆಕೆ ಆ ತಾಟನ್ನು ಬಚ್ಚಲಿಗೆ ಒಯ್ದಿಟ್ಟು, ತನ್ನ ತಾಟು ತೆಗೆದು, ಬೆನ್ನು ಮಾಡಿ ಕುಳಿತು ಉಂಡಳು. ಮರುದಿನವೂ ಹಾಗೇ ಆಯಿತು. ಹದಿನೈದು ದಿನ ಬೆಲ್ಲ ಬಿಟ್ಟೆ, ಹದಿನೈದು ದಿನವೂ ಅದು ಇರುವೆಗಳ ಪಾಲಾಯಿತು. ಕೊನೆಗೆ ಬಾಯಿಬಿಟ್ಟು ಕೇಳಿದೆ.

"ಡಾಕ್ಟರು ಬೇಕಾದಂಗ ಇರ್ರಿ ಅಂದಾರ. ಇನ್ನೂ ಯಾಕ ಬ್ಯಾರೆ ತಾಟು?"

"ಬ್ಯಾರೆ ಅಂದವರು ನೀವು. ನಾ ಹ್ಯಾಂಗ ಕೂಡಸಲಿ?"

ಸಿಟ್ಟಿನಲ್ಲಿ ಹೇಳಿದ ಮಾತಾಗಿರಲಿಲ್ಲ. ರೊಟ್ಟಿ ಬಡಿಯುತ್ತ, ಮಳೆ ಬರುವ ಹಾಗಿದೆ ಎನ್ನುವಷ್ಟೇ ಸಹಜವಾಗಿ ಅಂದಳು. ಪುಪ್ಪುಸದ ಗಾಯ ಮಾಯ್ದ ಮೇಲೂ ಬೇರೆಲ್ಲೋ ಒಂದು ಹಾಗೇ ಉಳಿದಿದೆ ಎಂದು ನನಗೆ ಅಂದು ತಿಳಿಯಿತು. ಅದಕ್ಕೆ ಸೂಜಿ ಇರಲಿಲ್ಲ. ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ, ಆಸ್ಪತ್ರೆಯ ವರಾಂಡದಲ್ಲಿದ್ದದ್ದಕ್ಕಿಂತ ಹೆಚ್ಚು ಒಂಟಿಯಾಗಿದ್ದೆ.

ಮುಂದಿನ ರವಿವಾರ ಮಧ್ಯಾಹ್ನ ಕಾಶಮ್ಮ ನನ್ನ ತಾಟು ಹಾಕಿ ಕರೆದಳು. ನನಗೆ ಹಸಿವಿಲ್ಲ, ನೀನು ಮೊದಲು ಉಣ್ಣು ಎಂದೆ. ಗಂಡ ಉಣ್ಣದೆ ಹ್ಯಾಗೆ ಎಂದು ಬಹಳ ಹೊತ್ತು ಒಪ್ಪಲಿಲ್ಲ. ಕಡೆಗೆ ತನ್ನ ತಾಟಿನಲ್ಲಿ ರೊಟ್ಟಿ, ಪುಂಡಿ ಪಲ್ಯ ಹಾಕಿಕೊಂಡು ಉಂಡಳು. ಆಕೆ ಕೈ ತೊಳೆಯಲು ಎದ್ದಾಗ ನಾನು ಹೋಗಿ ಆಕೆ ಉಂಡ ತಾಟಿನ ಮುಂದೆ ಕುಳಿತೆ. ತಿರುಗಿ ಬಂದವಳು ಗಕ್ಕನೆ ನಿಂತಳು.

"ಏಳ್ರಿ! ಅದು ನಾ ಉಂಡ ತಾಟು ಅದ."

"ಗೊತ್ತದ. ರೊಟ್ಟಿ ಹಾಕು."

"ಯಾರರೆ ನೋಡ್ಯಾರ್ರಿ."

"ನೋಡ್ಲಿ."

ಕೈಯಲ್ಲಿದ್ದ ನೀರಿನ ತಂಬಿಗೆ ಕೆಳಗಿಟ್ಟಳು. ಆಮೇಲೆ ಹೋಗಿ ಬೀದಿಬಾಗಿಲು ಮುಂದೆ ಮಾಡಿ ಬಂದು ರೊಟ್ಟಿ ಹಾಕಿದಳು. ಪಲ್ಯ ಬಡಿಸಿದಳು, ನಾನು ಉಂಡೆ. ವಾರದ ದಿನಗಳಲ್ಲಿ ಮತ್ತೆ ನನ್ನ ತಾಟು ನನಗೆ, ಆಕೆಯದು ಆಕೆಗೆ.

ಆ ಮುಂದಿನ ರವಿವಾರ ನಾನು ಏನೂ ಹೇಳಲಿಲ್ಲ. ಕಾಶಮ್ಮ ತಾನಾಗಿಯೇ ಬೀದಿಬಾಗಿಲು ಹಾಕಿ ಬಂದು, ನನಗಿಂತ ಮೊದಲು ಕುಳಿತು ಉಂಡು, ತಾಟು ಅಲ್ಲೇ ಬಿಟ್ಟು ಕೈ ತೊಳೆಯಲು ಹೋದಳು. ನಾನು ಹೋಗಿ ಕುಳಿತೆ. ತಾಟಿನ ಅಂಚಿಗೆ ಒಂದು ಚೂರು ಬೆಲ್ಲ ಇತ್ತು.